ಹಳೆಯ ಸ್ಪೋರ್ಟ್ ಎಟಿವಿ ಕಾಡುಹಾದಿಗೆ: ಯಾವ ಗಾಡಿ, ಯಾವ ಟೈರು, ದುಡ್ಡು ಮೊದಲು ಯಾವುದಕ್ಕೆ

ಸ್ಪೋರ್ಟ್ ಎಟಿವಿಗಳನ್ನು, ಅಂದರೆ ಬೈಕಿನಂತೆ ಎರಡು ಬದಿಗೂ ಕಾಲು ಹಾಕಿ ಕೂರುವ ನಾಲ್ಕು ಚಕ್ರದ ಹಗುರ ಗಾಡಿಗಳನ್ನು, ಕಟ್ಟಿದ್ದು ಬಯಲಿಗೆ, ಮರಳು ದಿಬ್ಬಕ್ಕೆ, ಮೋಟೋಕ್ರಾಸ್ ಅಂಗಳಕ್ಕೆ. ಕಾಡುಹಾದಿಯಲ್ಲಿ ಸಿಗುವುದು ಬೇರೆಯೇ ನೆಲ. ಬೇರು, ಬಂಡೆ, ಕೆಸರು, ಎರಡು ಮರಗಳ ನಡುವಿನ ಸಂದು, ಒಂದೇ ಸಲಕ್ಕೆ ತಿರುಗಿಸಲಾಗದ ತಿರುವು. ಹೆಚ್ಚು ಹೊತ್ತು ಒಂದನೇ ಎರಡನೇ ಗೇರಿನಲ್ಲೇ ಕಳೆಯುತ್ತದೆ. ಹೀಗಾಗಿ ಹಳೆಯ ಗಾಡಿಗೆ ದುಡ್ಡು ಹಾಕುವಾಗ ಪ್ರತಿ ಬಿಡಿಭಾಗಕ್ಕೂ ಕೇಳಬೇಕಾದ ಪ್ರಶ್ನೆ ಇಷ್ಟೇ: ನಿಧಾನವಾಗಿ ಹೋಗುವಾಗ ಗಾಡಿ ಇದರಿಂದ ಇನ್ನಷ್ಟು ಮಾತು ಕೇಳುತ್ತದೆಯೇ? ಕೇಳುವುದಿಲ್ಲವಾದರೆ ಆ ಖರ್ಚನ್ನು ಮುಂದಕ್ಕೆ ಹಾಕಬಹುದು.

ಯಾವ ಗಾಡಿ

ಹಳೆಯ ಮಾರುಕಟ್ಟೆಯಲ್ಲಿ ಮೊದಲು ಎದುರಾಗುವ ಜೋಡಿ ಹೋಂಡಾ ಟಿಆರ್‌ಎಕ್ಸ್ 400 ಇಎಕ್ಸ್ ಮತ್ತು ಸುಜುಕಿ ಎಲ್‌ಟಿ-ಝಡ್ 400. ಹೋಂಡಾ 1999ರಲ್ಲಿ ಬಂತು; 397 ಸಿಸಿ, ಗಾಳಿಯಿಂದ ತಣಿಯುವ ಒಂಟಿ ಸಿಲಿಂಡರ್ ಎಂಜಿನ್. ಸುಜುಕಿ 2003ರದ್ದು, 398 ಸಿಸಿ, ರೇಡಿಯೇಟರ್ ಇರುವ ಎಂಜಿನ್. ಕವಾಸಾಕಿ ಕೆಎಫ್‌ಎಕ್ಸ್ 400 ಮತ್ತು ಆರ್ಕ್ಟಿಕ್ ಕ್ಯಾಟ್ ಡಿವಿಎಕ್ಸ್ 400 ಹೆಸರಿನಲ್ಲಿ ಸಿಗುವುದೂ ಮೂಲತಃ ಈ ಸುಜುಕಿಯೇ. ಆದ್ದರಿಂದ ಬಿಡಿಭಾಗ ಹುಡುಕುವಾಗ ಮೂರು ಹೆಸರಲ್ಲೂ ಹುಡುಕಿ. ಬಹಳಷ್ಟು ಭಾಗಗಳು ಒಂದರದ್ದು ಇನ್ನೊಂದಕ್ಕೆ ಕೂರುತ್ತವೆ.

ಓಟದಲ್ಲಿ ಸುಜುಕಿಯೇ ಮುಂದು. ರೆವ್ (ಎಂಜಿನ್ ತಿರುಗುವ ವೇಗ) ಏರಿದಷ್ಟೂ ಉಸಿರು ಬಿಚ್ಚುತ್ತದೆ, ಶಾಕ್ ಅಬ್ಸಾರ್ಬರ್‌ಗಳೂ ಮೇಲ್ದರ್ಜೆಯವು. ಆದರೆ ಕೈಯಲ್ಲಿ ಕಾಸು ಕಡಿಮೆ ಇರುವವರಿಗೆ ಹೋಂಡಾದ ಪರವಾಗಿ ಒಂದು ಗಟ್ಟಿ ಕಾರಣವಿದೆ: ಟ್ಯಾಪೆಟ್, ಅಂದರೆ ವಾಲ್ವ್‌ನ ಸಂದು ಹೊಂದಿಸುವ ಭಾಗ. ಹೋಂಡಾದಲ್ಲಿ ಅದು ಸ್ಕ್ರೂ ಮತ್ತು ಲಾಕ್ ನಟ್‌ನದು. ಫೀಲರ್ ಗೇಜ್, ಒಂದು ಸ್ಪ್ಯಾನರ್, ಒಂದು ಗಂಟೆ ಇದ್ದರೆ ಮನೆಯಲ್ಲೇ ಮುಗಿಯುವ ಕೆಲಸ. ಸುಜುಕಿಯಲ್ಲಿ ಶಿಮ್ ಎಂಬ ಅಳತೆಯ ಬಿಲ್ಲೆ ಬದಲಿಸಬೇಕು, ಅದಕ್ಕೆ ವಾಲ್ವ್ ತೆರೆಯುವ ಕ್ಯಾಮ್ ಬಿಚ್ಚಬೇಕು. ತಪ್ಪಾಗಿ ಜೋಡಿಸಿದರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯಬಹುದು. ಸುಜುಕಿಯ ಟೈಮಿಂಗ್ ಚೈನ್ ಟೆನ್ಷನರ್ ಮೇಲೂ ಕಣ್ಣಿಡಬೇಕು. ತಾನಾಗಿ ಬಿಗಿಯಾಗುವ ಆ ಟೆನ್ಷನರ್ ಒಂದೇ ಜಾಗದಲ್ಲಿ ಸಿಕ್ಕಿಕೊಂಡರೆ ಚೈನು ಸಡಿಲವಾಗಿ ಎಂಜಿನ್ ತಲೆಯಲ್ಲಿ ಟರಟರ ಸದ್ದು ಶುರುವಾಗುತ್ತದೆ. ಕೈಯಿಂದ ಹೊಂದಿಸುವ ಟೆನ್ಷನರ್ ಹಾಕುವುದು ಚಾಲ್ತಿಯಲ್ಲಿರುವ ಪರಿಹಾರ. ಬೋಲ್ಟನ್ನು ಅತಿಯಾಗಿ ಬಿಗಿದರೆ ಚೈನೂ ಗೈಡೂ ಸವೆಯುತ್ತವೆ ಎಂಬುದು ನೆನಪಿರಲಿ.

ಹಾಗಾದರೆ ಎರಡರಲ್ಲಿ ಯಾವುದು? ಕಿರಿದಾದ, ಕಲ್ಲಿನ, ಆಮೆವೇಗದ ಹಾದಿಗೆ ಹೋಂಡಾ. ನಡುನಡುವೆ ತೆರೆದ ಓಟವಿರುವ ಹಾದಿಗೆ ಸುಜುಕಿ. ಆದರೆ ಹೋಂಡಾಗೆ ರಿವರ್ಸ್ ಗೇರು ಬಂದದ್ದು 2005ರ ಮಾದರಿಯಿಂದ, ಸುಜುಕಿಯಲ್ಲಿ ಮೊದಲಿನಿಂದಲೂ ಇದೆ. ಸುಮಾರು 170 ಕಿಲೋ ಗಾಡಿಯನ್ನು ಇಳಿಜಾರಿನ ತಿರುವಿನಲ್ಲಿ ಹಿಂದಕ್ಕೆ ಎಳೆಯುವುದು ಒಂಟಿ ಸವಾರನಿಗೆ ಬೆನ್ನು ಮುರಿಯುವ ಕೆಲಸ. ಒಬ್ಬರೇ ಹೋಗುವವರಾದರೆ 2005ರ ನಂತರದ ಹೋಂಡಾ ಸಿಗುವವರೆಗೆ ಕಾಯಿರಿ, ಇಲ್ಲವೇ ಸುಜುಕಿ ಕೊಳ್ಳಿ.

ಇನ್ನೂ ಕಡಿಮೆ ಬೆಲೆಗೆ ಯಮಾಹಾ ವಾರಿಯರ್ 350 ಮತ್ತು ಹೋಂಡಾ ಟಿಆರ್‌ಎಕ್ಸ್ 300 ಇಎಕ್ಸ್ ಇವೆ. ಎರಡರಲ್ಲೂ ಗಾಳಿ ತಣಿಸುವ ನಾಲ್ಕು ಸ್ಟ್ರೋಕ್ ಎಂಜಿನ್, ಸೆಲ್ಫ್ ಸ್ಟಾರ್ಟ್. ರಿವರ್ಸ್ ವಾರಿಯರ್‌ನಲ್ಲಿ ಮೊದಲಿನಿಂದಲೂ ಇದೆ, 300 ಇಎಕ್ಸ್‌ನ ಹಳೆಯ ಮಾದರಿಗಳಲ್ಲಿ ಇಲ್ಲ. ವಾರಿಯರ್ 1987ರಿಂದ 2004ರವರೆಗೆ ಹೆಚ್ಚು ಬದಲಾಗದೆ ಬಂದ ಗಾಡಿ, ಆರು ಗೇರು, ಕೆಳಗಿನ ರೆವ್‌ನಲ್ಲೇ ಒಳ್ಳೆಯ ಪಿಕಪ್. ಇವುಗಳಿಗೆ ಕಾಗದದ ಮೇಲೆ ಹೆಮ್ಮೆಪಡುವಂಥದ್ದು ಕಡಿಮೆ ಇರಬಹುದು, ಆದರೆ ಕಾಡುಹಾದಿಯಲ್ಲಿ ಇವು ಎಲ್ಲೂ ಹಿಂದೆ ಬೀಳುವುದಿಲ್ಲ. ಹೊಸ ಸವಾರರಿಗೆ ನಮ್ಮ ಮೊದಲ ಸಲಹೆಯೇ ಇವು.

ಟೂ ಸ್ಟ್ರೋಕ್ ಗಾಡಿಗಳ ಮೋಹ ಅರ್ಥವಾಗುವಂಥದ್ದೇ. ಯಮಾಹಾ ಬ್ಯಾನ್‌ಶೀ 350ರ ಅವಳಿ ಸಿಲಿಂಡರಿನ ಸದ್ದಿಗೆ ಸಾಟಿಯಿಲ್ಲ. ಆದರೂ ಇಕ್ಕಟ್ಟಿನ ಹಾದಿಗೆ ಅದನ್ನು ಆರಿಸಬೇಡಿ. ಅದರ ಶಕ್ತಿ ಸಿಗುವುದು ಮೇಲಿನ ರೆವ್‌ನಲ್ಲಿ, ಕೆಳಗೆ ಅದು ಮಂಕು. ರೇಡಿಯೇಟರಿಗೆ ಕಂಪನಿಯಿಂದ ಫ್ಯಾನ್ ಇಲ್ಲ, ಹೀಗಾಗಿ ನಿಧಾನ ಏರಿನಲ್ಲಿ ಬೇಗ ಕಾಯುತ್ತದೆ. ರಿವರ್ಸ್ ಇಲ್ಲ, ಸೆಲ್ಫ್ ಇಲ್ಲ. ಟೂ ಸ್ಟ್ರೋಕ್ ಬೇಕೇ ಬೇಕೆಂದರೆ 195 ಸಿಸಿಯ ಬ್ಲಾಸ್ಟರ್ ಹಗುರ, ಸರಳ, ಸಿಕ್ಕಿಕೊಂಡರೆ ಎತ್ತಿ ತಿರುಗಿಸಬಹುದು. ರ‍್ಯಾಪ್ಟರ್ 660 (2001ರಿಂದ 2005) ಇನ್ನೊಂದು ತುದಿ: ಒಂದೇ ಸಿಲಿಂಡರಿಗೆ ಐದು ವಾಲ್ವ್, ಎರಡು ಕಾರ್ಬ್ಯುರೇಟರ್. ಎಳೆತ ಅಪಾರ, ಆದರೆ ಎಂಜಿನ್ ಬಿಚ್ಚುವ ದಿನ ಬಂದರೆ ಖರ್ಚೂ ಅದಕ್ಕೆ ತಕ್ಕಂತೆ.

ಕೊಳ್ಳುವ ಮುನ್ನ ಅರ್ಧ ಗಂಟೆ

ಎಂಜಿನ್ ತಣ್ಣಗಿದೆಯೇ ಎಂದು ಮೊದಲು ಮುಟ್ಟಿ ನೋಡಿ. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ತಣ್ಣಗಿರುವಾಗ ಸ್ಟಾರ್ಟ್ ಆಗದ ಗಾಡಿ ಎಂಬ ಅನುಮಾನ ಸಹಜ. ಆಮೇಲೆ ಗಾಡಿಯ ಹಿಂಭಾಗ ಎತ್ತಿ ನಿಲ್ಲಿಸಿ, ಒಂದು ಚಕ್ರವನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಟಕ್ ಎಂದರೆ ಹಿಂದಿನ ಆಕ್ಸಲ್ ಹಿಡಿದಿರುವ ಆಕ್ಸಲ್ ಕ್ಯಾರಿಯರ್‌ನ ಬೇರಿಂಗ್ ಹೋಗಿದೆ. ಹಿಂದಿನ ಆಕ್ಸಲ್ಲನ್ನು ಚಾಸಿಗೆ ಸೇರಿಸುವ ತೋಳಾದ ಸ್ವಿಂಗ್ ಆರ್ಮನ್ನು ಅಡ್ಡಕ್ಕೆ ತಳ್ಳಿ. ಪ್ಲೇ ಇದ್ದರೆ ಅಲ್ಲಿನ ಬೇರಿಂಗ್. ಮುಂದೆ ಬಾಲ್ ಜಾಯಿಂಟ್, ಟೈ ರಾಡ್ ತುದಿ, ಎ-ಆರ್ಮ್ (ಮುಂದಿನ ಚಕ್ರ ಹಿಡಿಯುವ ತೋಳು) ಬುಶ್‌ಗಳಿಗೂ ಇದೇ ಪರೀಕ್ಷೆ. ಚಾಸಿಯಲ್ಲಿ ಎ-ಆರ್ಮ್ ಕೂರುವ ಕಿವಿಗಳು, ಫುಟ್‌ಪೆಗ್ ಬುಡ, ಹಿಂದಿನ ಶಾಕ್‌ನ ಮೇಲ್ತುದಿ ಇವನ್ನು ಟಾರ್ಚ್ ಹಾಕಿ ನೋಡಿ. ಬಣ್ಣ ಬಿರಿದ ಗೆರೆ ಕಂಡರೆ ಅದರ ಕೆಳಗೆ ಕಬ್ಬಿಣ ಬಿರಿದಿರುವ ಸಂಭವ ಹೆಚ್ಚು.

ಅನೇಕರು ಮರೆಯುವ ಜಾಗ ಒಂದಿದೆ. ಈ ಗಾಡಿಗಳಲ್ಲಿ ಹೆಚ್ಚಿನವುಗಳ ಚೈನನ್ನು ಬಿಗಿ ಮಾಡುವುದು ಆಕ್ಸಲ್ ಕ್ಯಾರಿಯರನ್ನು ಸ್ವಿಂಗ್ ಆರ್ಮ್ ಒಳಗೆ ತಿರುಗಿಸಿ. ವರ್ಷಗಟ್ಟಲೆ ಕೆಸರು ಕುಡಿದು ತುಕ್ಕು ಹಿಡಿದರೆ ಅದು ಅಲ್ಲೇ ಜಾಮ್ ಆಗುತ್ತದೆ. ಬಿಡಿಸಲು ಒಂದು ದಿನ ಹಿಡಿಯಬಹುದು, ಕೆಲವೊಮ್ಮೆ ಸ್ವಿಂಗ್ ಆರ್ಮೇ ಹೋಗುತ್ತದೆ. ಚೈನು ಸಡಿಲವಾಗಿ ಜೋತು ಬಿದ್ದಿರುವ ಗಾಡಿ ಕಂಡರೆ, ಅದನ್ನು ಬಿಗಿ ಮಾಡಿ ತೋರಿಸಿ ಎಂದು ಕೇಳಿ.

ಕಂಪ್ರೆಷನ್ ಗೇಜ್ ತಂದವರು ಒಂದು ವಿಷಯ ತಿಳಿದಿರಬೇಕು: ಹಲವು ನಾಲ್ಕು ಸ್ಟ್ರೋಕ್ ಎಂಜಿನ್‌ಗಳಲ್ಲಿ ಸ್ಟಾರ್ಟ್ ಸುಲಭವಾಗಲೆಂದು ಸಿಲಿಂಡರಿನ ಒತ್ತಡವನ್ನು ತುಸು ಬಿಡುವ ಡಿಕಂಪ್ರೆಸರ್ ಇರುತ್ತದೆ. ಹೀಗಾಗಿ ಗೇಜ್‌ನಲ್ಲಿ ಅಂಕಿ ಕಡಿಮೆ ಬಂದ ಮಾತ್ರಕ್ಕೆ ಪಿಸ್ಟನ್ ರಿಂಗ್ ಸವೆದಿದೆ ಎನ್ನಲಾಗದು. ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ನೋಡುವ ಲೀಕ್‌ಡೌನ್ ಪರೀಕ್ಷೆ ಹೆಚ್ಚು ನಂಬಿಕಸ್ತ. ಟೂ ಸ್ಟ್ರೋಕಿನಲ್ಲಿ ಇನ್‌ಟೇಕ್ ಮತ್ತು ಎಕ್ಸಾಸ್ಟ್ ಬಾಯಿ ಮುಚ್ಚಿ, 6 ಪಿಎಸ್‌ಐ ಗಾಳಿ ತುಂಬಿ 6 ನಿಮಿಷ ನಿಲ್ಲುತ್ತದೆಯೇ ನೋಡಿ. ನಿಲ್ಲದಿದ್ದರೆ ಕ್ರ್ಯಾಂಕ್ ಸೀಲ್ ಅಥವಾ ಗ್ಯಾಸ್ಕೆಟ್ ಮೂಲಕ ಗಾಳಿ ಒಳಗೆ ಹೋಗುತ್ತಿದೆ. ಪೆಟ್ರೋಲ್ ಮಿಶ್ರಣ ತೆಳುವಾಗಿ ಪಿಸ್ಟನ್ ಸೀಜ್ ಆಗುವುದು ಬರೀ ಸಮಯದ ಪ್ರಶ್ನೆ.

ಮೊದಲ ದುಡ್ಡು ಬೇರಿಂಗ್‌ಗೆ, ಬ್ರೇಕ್‌ಗೆ

ಇಲ್ಲಿ ಹೋಲಿಕೆಗೆ ಜಾಗವಿಲ್ಲ. ಸವೆದ ಬಾಲ್ ಜಾಯಿಂಟ್ ಇಟ್ಟುಕೊಂಡು ಹೊಸ ಶಾಕ್ ಹಾಕಿದರೆ ಹ್ಯಾಂಡಲ್ ಮೊದಲಿನಷ್ಟೇ ಅಲೆದಾಡುತ್ತದೆ. ಹಿಂದಿನ ಲಿಂಕೇಜ್ ಬೇರಿಂಗ್‌ಗಳಿಗೆ ಗ್ರೀಸ್ ನಿಪ್ಪಲ್ ಇಲ್ಲದ ಗಾಡಿಗಳಲ್ಲಿ ಅವನ್ನು ಬಿಚ್ಚಿಯೇ ಗ್ರೀಸ್ ಹಚ್ಚಬೇಕು. ಹಿಂದಿನ ಮಾಲೀಕ ಹಚ್ಚಿರುವುದಿಲ್ಲ ಎಂದೇ ಹೊರಡಿ. ಬ್ರೇಕ್ ಫ್ಲೂಯಿಡ್ ಎಷ್ಟೇ ತಿಳಿಯಾಗಿ ಕಂಡರೂ ಚೆಲ್ಲಿ, ಮುಚ್ಚಳದ ಮೇಲೆ ಬರೆದ ದರ್ಜೆಯದನ್ನೇ ತುಂಬಿ. ಕ್ಯಾಲಿಪರ್ ಜಾರುವ ಪಿನ್‌ಗಳನ್ನು ತೆಗೆದು ಉಜ್ಜಿ, ಸಿಲಿಕೋನ್ ಗ್ರೀಸ್ ಹಚ್ಚಿ. ಪಿನ್ ಜಾಮ್ ಆದರೆ ಒಂದೇ ಬದಿಯ ಪ್ಯಾಡ್ ಸವೆಯುತ್ತದೆ. ಡಿಸ್ಕ್ ಎಷ್ಟು ತೆಳುವಾಗಬಹುದು ಎಂಬುದನ್ನು ಸಾಮಾನ್ಯವಾಗಿ ಡಿಸ್ಕ್ ಮೇಲೇ ಕೆತ್ತಿರುತ್ತಾರೆ. ಗಾಳಿ ತೆಗೆದ ಮೇಲೂ ಲಿವರ್ ಸ್ಪಂಜಿನಂತಿದ್ದರೆ ಹಳೆಯ ರಬ್ಬರ್ ಹೋಸ್ ಉಬ್ಬುತ್ತಿದೆ. ಅಲ್ಲಿ ಉಕ್ಕಿನ ಹೆಣಿಗೆಯ ಹೋಸ್ ಹಾಕುವುದು ಸಾರ್ಥಕ ಖರ್ಚು.

ಟೈರು ಮತ್ತು ಗೇರಿಂಗ್: ಇವೆರಡನ್ನೂ ಒಟ್ಟಿಗೇ ಲೆಕ್ಕ ಹಾಕಿ

ಹೆಚ್ಚು ಜನ ದುಡ್ಡು ಕಳೆದುಕೊಳ್ಳುವುದು ಇಲ್ಲಿ. ಸ್ಪೋರ್ಟ್ ಎಟಿವಿಯಲ್ಲಿ ಹಿಂದಿನ ಟೈರು ಸಾಮಾನ್ಯವಾಗಿ 20 ಇಂಚು ಎತ್ತರದ್ದು, ಅಂದರೆ 20x10-9 (ಎತ್ತರ, ಅಗಲ, ರಿಮ್, ಎಲ್ಲ ಇಂಚಿನಲ್ಲಿ). ಇದರ ಬದಲು 22 ಇಂಚಿನದನ್ನು ಹಾಕಿದರೆ ಆಕ್ಸಲ್ ನೆಲದಿಂದ 25 ಮಿ.ಮೀ. ಮೇಲೇರುತ್ತದೆ. ಕಲ್ಲುಹಾದಿಯಲ್ಲಿ ಇದು ದೊಡ್ಡ ಲಾಭ, ಏಕೆಂದರೆ ಈ ಗಾಡಿಗಳಲ್ಲಿ ನೆಲಕ್ಕೆ ಅತಿ ಹತ್ತಿರ ಇರುವುದೇ ಹಿಂದಿನ ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ) ಮತ್ತು ಬ್ರೇಕ್ ಡಿಸ್ಕ್. ಆದರೆ ಟೈರು ಶೇ 10ರಷ್ಟು ದೊಡ್ಡದಾದಾಗ ಗೇರಿಂಗೂ ಅಷ್ಟೇ ಉದ್ದವಾಗುತ್ತದೆ, ಅಂದರೆ ಎಂಜಿನ್ನಿನ ಅದೇ ರೆವ್‌ಗೆ ಗಾಡಿ ಹೆಚ್ಚು ವೇಗ ಹೋಗುತ್ತದೆ. ನಿಧಾನ ಹೋಗಬೇಕಾದ ಕಡೆ ಗಾಡಿ ಓಡಲು ನೋಡುತ್ತದೆ, ಸವಾರ ಇಡೀ ದಿನ ಕ್ಲಚ್ ಹಿಡಿದೇ ಇರಬೇಕಾಗುತ್ತದೆ. ಗಾಳಿ ತಣಿಸುವ ಎಂಜಿನ್ ಹಾಗೂ ಕ್ಲಚ್ ಪ್ಲೇಟ್ ಎರಡಕ್ಕೂ ಇದು ಒಳ್ಳೆಯದಲ್ಲ.

400 ಇಎಕ್ಸ್ ಉದಾಹರಣೆ ನೋಡೋಣ. ಕಂಪನಿಯಿಂದ ಬಂದದ್ದು ಮುಂದಿನ ಸ್ಪ್ರಾಕೆಟ್ಟಿಗೆ 15, ಹಿಂದಿನದಕ್ಕೆ 38 ಹಲ್ಲು, ಅನುಪಾತ 2.53. ಮುಂದಿನದನ್ನು 14 ಮಾಡಿದರೆ 2.71. ಶೇ 7ರಷ್ಟು ಗಿಡ್ಡ. 20 ಇಂಚಿನ ಟೈರಿಗೆ ಇದಿಷ್ಟೇ ಸಾಕು. ಇಡೀ ಪಟ್ಟಿಯಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಫಲ ಕೊಡುವ ಬದಲಾವಣೆ ಬೇರೆ ಇಲ್ಲ.

ಅದೇ 14ರ ಸ್ಪ್ರಾಕೆಟ್ಟನ್ನು 22 ಇಂಚಿನ ಟೈರಿನ ಜೊತೆ ಹಾಕಿದರೆ? ಟೈರು ದೊಡ್ಡದಾದದ್ದನ್ನೂ ಸೇರಿಸಿದರೆ (2.71 ಭಾಗಿಸು 1.1) ಲೆಕ್ಕ 2.47ಕ್ಕೆ ಬರುತ್ತದೆ, ಹೊರಟಲ್ಲಿಗಿಂತಲೂ ತುಸು ಉದ್ದ. ಗಿಡ್ಡ ಗೇರಿಂಗ್ ಬೇಕಿದ್ದರೆ ಮುಂದೆ 13ಕ್ಕೆ ಇಳಿಯಬೇಕು ಅಥವಾ 14ಕ್ಕೆ ಹಿಂದೆ 41 ಸೇರಿಸಬೇಕು. ಎರಡೂ ದಾರಿ ಸುಮಾರು 2.66ಕ್ಕೆ ತಲುಪುತ್ತವೆ, ಎರಡಕ್ಕೂ ಬೆಲೆ ಇದೆ. ಮುಂದಿನ ಸ್ಪ್ರಾಕೆಟ್ ಚಿಕ್ಕದಾದಷ್ಟೂ ಚೈನು ಬಿಗಿಯಾಗಿ ಬಾಗಬೇಕು, ಸ್ವಿಂಗ್ ಆರ್ಮ್ ಮೇಲಿನ ಚೈನ್ ಸ್ಲೈಡರ್ ಬೇಗ ಸವೆಯುತ್ತದೆ. ಹಿಂದಿನದು 38ರಿಂದ 41 ಆದರೆ ಅದರ ಕೆಳ ಅಂಚು ಸುಮಾರು 8 ಮಿ.ಮೀ. ನೆಲಕ್ಕೆ ಹತ್ತಿರವಾಗುತ್ತದೆ, ಟೈರಿನಿಂದ ಗಳಿಸಿದ 25ರಲ್ಲಿ ಮೂರನೇ ಒಂದು ಪಾಲು ಅಲ್ಲೇ ಹೋಯಿತು. ಚೈನಿಗೆ ಎರಡು ಕೊಂಡಿ ಹೆಚ್ಚು ಬೇಕಾಗಲೂಬಹುದು. ಬೇರು, ಮಣ್ಣಿನ ಹಾದಿಯವರು 20 ಇಂಚು ಮತ್ತು 14/38ರಲ್ಲೇ ಇರಲಿ. ಚೂಪು ಬಂಡೆಗಳ ಹಾದಿಯವರು 22 ಇಂಚು ಮತ್ತು 14/41 ಹಾಕಲಿ. ಹಿಂಭಾಗ ಎತ್ತರವಾದಾಗ ಹ್ಯಾಂಡಲ್ ಸ್ವಲ್ಪ ಚುರುಕಾಗುತ್ತದೆ ಎಂಬುದನ್ನೂ ಎದುರುನೋಡಿ.

ಸ್ಪ್ರಾಕೆಟ್ ಬದಲಿಸುವಾಗ ಚೈನನ್ನೂ ಅಳೆಯಿರಿ. 520 ಚೈನಿನ 20 ಕೊಂಡಿಗಳು ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ ಹೊಸದರಲ್ಲಿ 317.5 ಮಿ.ಮೀ. ಇರುತ್ತವೆ. 321 ದಾಟಿದ್ದರೆ ಬದಲಿಸಿ. ಸವೆದ ಚೈನು ಹೊಸ ಸ್ಪ್ರಾಕೆಟ್ಟನ್ನು ಬೇಗನೆ ಕೊಕ್ಕೆಯ ಆಕಾರಕ್ಕೆ ತರುತ್ತದೆ.

ಟೈರಿನ ಪದರದ ವಿಷಯಕ್ಕೆ ಬಂದರೆ, 2 ಪ್ಲೈ ಹಗುರ, ನೆಲಕ್ಕೆ ಚೆನ್ನಾಗಿ ಅಂಟುತ್ತದೆ, ಮುಳ್ಳಿಗೂ ಚೂಪು ಕಲ್ಲಿಗೂ ಬೇಗ ಸೋಲುತ್ತದೆ. 6 ಪ್ಲೈ ಗಟ್ಟಿ, ಆದರೆ ಭಾರ. ಹಳೆಯ 300 ಸಿಸಿ ಗಾಡಿಯಲ್ಲಿ ಆ ಭಾರ ಪಿಕಪ್‌ನಲ್ಲೇ ಗೊತ್ತಾಗುತ್ತದೆ. ಸಣ್ಣ ಎಂಜಿನ್ ಗಾಡಿಗೆ 4 ಪ್ಲೈ, 400ಕ್ಕೆ ಮೇಲ್ಪಟ್ಟು ಕಲ್ಲುಹಾದಿಗೆ 6 ಪ್ಲೈ. ಗಾಳಿ 4ರಿಂದ 6 ಪಿಎಸ್‌ಐ ನಡುವೆ, ಗಾಡಿಯ ಸ್ಟಿಕರ್ ಹೇಳಿದ್ದನ್ನು ಆಧಾರವಾಗಿಟ್ಟುಕೊಂಡು. ಬೈಕು ಕಾರುಗಳ ಗೇಜ್ ಇಲ್ಲಿ ನಿರುಪಯೋಗಿ. 5 ಪಿಎಸ್‌ಐ ಟೈರಿನಲ್ಲಿ 1 ತಪ್ಪಾದರೆ ಅದೇ ಶೇ 20. 0ರಿಂದ 10 ಅಥವಾ 15ರವರೆಗಿನ ಕಡಿಮೆ ಒತ್ತಡದ ಗೇಜ್ ಕೊಳ್ಳಿ. ಇನ್ನೊಂದು ಸೂಕ್ಷ್ಮ: ಹಿಂದಿನ ಆಕ್ಸಲ್ ಗಟ್ಟಿ ಸರಳು, ಎರಡೂ ಚಕ್ರ ಒಂದೇ ಸಮ ತಿರುಗುತ್ತವೆ. ಎರಡು ಟೈರಿನ ಸುತ್ತಳತೆ ಬೇರೆಯಾದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಗಾಳಿ ತುಂಬಿ ಅಳತೆ ಟೇಪಿನಿಂದ ಎರಡರ ಸುತ್ತಳತೆ ಹೋಲಿಸಿ, ಗಾಳಿಯನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡಿ ಸರಿದೂಗಿಸಿ. ಒಂದೇ ಟೈರು ಹೊಸದು ಹಾಕುವ ಉಳಿತಾಯ ಹಿಂದಿನ ಆಕ್ಸಲ್‌ಗೆ ಸಲ್ಲ.

ಅಗಲ ಮತ್ತು ಶಾಕ್

ಮೋಟೋಕ್ರಾಸ್‌ನವರು ಗಾಡಿಯನ್ನು 50 ಇಂಚಿನ ಸುತ್ತ ಅಗಲ ಮಾಡುತ್ತಾರೆ. ಕಾಡುಹಾದಿಗೆ ಅದು ಬೇಡ. ಕಂಪನಿಯ ಅಗಲದಲ್ಲಿ ಸಂದು ದಾಟುವುದು ಸುಲಭ. ಅಮೆರಿಕದ ಅರಣ್ಯ ಇಲಾಖೆಯ ಹಲವು ಹಾದಿಗಳಲ್ಲಿ 50 ಇಂಚಿಗಿಂತ ಅಗಲದ ಗಾಡಿಗೆ ಪ್ರವೇಶವೇ ಇಲ್ಲ. ಅಡ್ಡ ಇಳಿಜಾರಿನಲ್ಲಿ ಗಾಡಿ ಮಗುಚುವ ಭಯವಿದ್ದರೆ ಹಿಂದೆ ಒಂದೊಂದು ಇಂಚಿನ ವೀಲ್ ಸ್ಪೇಸರ್ ಸಾಕು. ಅದಕ್ಕಿಂತ ದಪ್ಪವಾದರೆ ಸನ್ನೆಯ ಉದ್ದ ಹೆಚ್ಚಿ ಬೇರಿಂಗ್ ಬೇಗ ಹೋಗುತ್ತದೆ.

ಶಾಕ್ ವಿಷಯದಲ್ಲಿ ಮೂರು ಆಯ್ಕೆ: ಹಳೆಯದನ್ನೇ ರಿಪೇರಿ, ದೊಡ್ಡ ಗಾಡಿಯ ಬಳಸಿದ ಶಾಕ್, ಅಥವಾ ಉದ್ದ ಎ-ಆರ್ಮ್ ಸಮೇತ ಹೊಸ ಕಿಟ್. ಮೂರನೆಯದರ ಬೆಲೆ ಹಳೆಯ ಗಾಡಿಯ ಬೆಲೆಯನ್ನೇ ಮುಟ್ಟಬಹುದು, ಅಗಲವೂ ಹೆಚ್ಚುತ್ತದೆ, ಕೈಬಿಡಿ. ಬಳಸಿದ ಶಾಕ್ ಅಗ್ಗವಾಗಿ ಕಂಡರೂ ಅದರ ಉದ್ದ, ಕಣ್ಣಿನ ಅಗಲ, ಸ್ಪ್ರಿಂಗ್ ಗಡಸು ಮೂರೂ ಹೊಂದಬೇಕು. ಹಿಂದಿನ ಮಾಲೀಕರೂ ಅದರ ಎಣ್ಣೆ ಬದಲಿಸದಿದ್ದರೆ ಹಳೆಯ ತೊಂದರೆಯನ್ನೇ ದುಡ್ಡು ಕೊಟ್ಟು ತಂದಂತೆ. ರಿಪೇರಿಯೇ ಮೊದಲ ಆಯ್ಕೆ: ಹೊಸ ಎಣ್ಣೆ, ಸೀಲ್, ನೈಟ್ರೋಜನ್. ನೈಟ್ರೋಜನ್ ತುಂಬಿದ ಶಾಕ್ ಅನ್ನು ಒತ್ತಡ ಬಿಡದೆ ಬಿಚ್ಚಬಾರದು, ಅದು ಸಲಕರಣೆ ಇರುವವರ ಕೆಲಸ. ಬಿಚ್ಚಿ ಮುಚ್ಚಲಾಗದಂತೆ ಸೀಲ್ ಮಾಡಿದ ಅಗ್ಗದ ಶಾಕ್ ಆಗಿದ್ದರೆ ಮಾತ್ರ ಬದಲಿಸುವ ಮಾತು.

ರಿಪೇರಿ ಆದಮೇಲೆ ಕೂರುವಿಕೆ, ಅಂದರೆ ಸವಾರನ ತೂಕಕ್ಕೆ ಗಾಡಿ ಎಷ್ಟು ತಗ್ಗುತ್ತದೆ ಎಂಬುದನ್ನು ಅಳೆಯಿರಿ. ಚಕ್ರ ನೆಲ ಬಿಟ್ಟಾಗ ಗ್ರ್ಯಾಬ್ ಬಾರ್‌ನಿಂದ ಆಕ್ಸಲ್‌ವರೆಗಿನ ಅಂತರ ಒಂದು, ಸವಾರ ಹೆಲ್ಮೆಟ್ ಬೂಟು ಸಮೇತ ಕುಳಿತಾಗ ಇನ್ನೊಂದು. ವ್ಯತ್ಯಾಸ ಒಟ್ಟು ಚಲನೆಯ ಮೂರನೇ ಒಂದರಷ್ಟಿರಲಿ, 230 ಮಿ.ಮೀ. ಚಲನೆ ಇದ್ದರೆ 75ರ ಸುತ್ತ. ಸ್ಪ್ರಿಂಗನ್ನು ಮುಂಚಿತವಾಗಿ ಬಿಗಿ ಮಾಡುವ ಪ್ರಿಲೋಡ್ ರಿಂಗ್ ತಿರುಗಿಸಿ ತಿರುಗಿಸಿ ಕೊನೆ ಮುಟ್ಟಿದರೂ ಅದು ಬರದಿದ್ದರೆ ಸ್ಪ್ರಿಂಗ್ ಸೋತಿದೆ ಅಥವಾ ನಿಮ್ಮ ತೂಕಕ್ಕೆ ಅದು ಸಾಲದು. ಹಾದಿಯಲ್ಲಿ ಶಾಕ್‌ನ ಕಂಪ್ರೆಷನ್ (ಒತ್ತಿದಾಗಿನ ತಡೆ) ತುಸು ಮೆದುವೇ ಇರಲಿ. ಬೇರುಗಳ ಮೇಲೆ ಚಕ್ರ ಪುಟಿದರೆ ಹಿಡಿತ ಹೋಗುತ್ತದೆ.

ಎಂಜಿನ್‌ಗೆ ಎಷ್ಟು ಕೈ ಹಾಕಬೇಕು

ಸಾಧ್ಯವಾದಷ್ಟು ಕಡಿಮೆ. ತೆರೆದ ಸೈಲೆನ್ಸರ್ ಹಾಕಿ, ಏರ್‌ಬಾಕ್ಸ್ ಮುಚ್ಚಳ ತೆಗೆದರೆ ಮೇಲಿನ ರೆವ್‌ನಲ್ಲಿ ಒಂದಿಷ್ಟು ಶಕ್ತಿ ಸಿಗುತ್ತದೆ, ಕಾಡುಹಾದಿಗೆ ಬೇಕಾದ ಕೆಳಗಿನ ಎಳೆತ ಹೆಚ್ಚಾಗಿ ಕುಗ್ಗುತ್ತದೆ. ಹಳ್ಳ ದಾಟುವಾಗ ಮುಚ್ಚಳವಿಲ್ಲದ ಏರ್‌ಬಾಕ್ಸ್‌ಗೆ ನೀರು ನುಗ್ಗುತ್ತದೆ. ಗಾಳಿ ಹೆಚ್ಚಾದುದಕ್ಕೆ ತಕ್ಕಂತೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಬಿಡುವ ಜೆಟ್ ದೊಡ್ಡದು ಮಾಡದಿದ್ದರೆ ಎಂಜಿನ್ ಕಾಯುತ್ತದೆ. ಹಿಂದಿನ ಮಾಲೀಕ ಇದನ್ನೆಲ್ಲ ಮಾಡಿಟ್ಟಿದ್ದರೆ ಮೂಲ ಸೈಲೆನ್ಸರ್ ಹುಡುಕಿ ಹಾಕುವುದೇ ಒಳ್ಳೆಯದು. ಅದರ ಬಾಯಿಯಲ್ಲಿರುವ ಕಿಡಿ ತಡೆಯುವ ಜಾಲರಿಯನ್ನು ತೆಗೆದು ಬಿಸಾಡಬೇಡಿ, ಒಣಕಾಡಿನಲ್ಲಿ ಅದೇ ಬೆಂಕಿಯ ತಡೆ. ಮಸಿ ಕಟ್ಟಿ ಗಾಡಿ ಉಸಿರುಗಟ್ಟಿದಂತಾದರೆ ತಂತಿ ಬ್ರಷ್‌ನಿಂದ ಉಜ್ಜಿದರೆ ಸಾಕು.

ಕೆಳಗಿನ ರೆವ್ ತಡವರಿಸುವ ಹಳೆಯ ಗಾಡಿಯಲ್ಲಿ ತಪ್ಪಿತಸ್ಥ ಸಾಮಾನ್ಯವಾಗಿ ಪೈಲಟ್ ಜೆಟ್. ನಿಂತು ಹಳಸಿದ ಪೆಟ್ರೋಲು ಅದರ ಕೂದಲೆಳೆ ರಂಧ್ರವನ್ನು ಮುಚ್ಚಿರುತ್ತದೆ. ಕಾರ್ಬ್ಯುರೇಟರ್ ಕ್ಲೀನರ್ ಮತ್ತು ಗಾಳಿಯಿಂದ ಬಿಡಿಸಿ. ತಂತಿ ತೂರಿಸಿದರೆ ರಂಧ್ರ ದೊಡ್ಡದಾಗಿ ಹೊಸ ತೊಂದರೆ. ಕಾರ್ಬ್ಯುರೇಟರ್ ಮತ್ತು ಹೆಡ್ ನಡುವಿನ ರಬ್ಬರನ್ನು ಬಾಗಿಸಿ ಬಿರುಕು ನೋಡಿ. ಫೋಮ್ ಫಿಲ್ಟರನ್ನು ತೊಳೆದು, ಒಣಗಿಸಿ, ಫಿಲ್ಟರ್ ಎಣ್ಣೆ ಸವರಿ ಹಿಂಡಿ ಹಾಕಿ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲಿಗೇ ಎಣ್ಣೆ ಬೆರೆಸುವವರಿಗೆ 32:1 ಲೆಕ್ಕದಲ್ಲಿ 5 ಲೀಟರಿಗೆ 156 ಮಿ.ಲೀ.

ರಕ್ಷಣೆ

ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಪಕ್ಕಕ್ಕೆ ಹಾಕುವ ಸರಳು, ಅಂದರೆ ನರ್ಫ್ ಬಾರ್ ಮೊದಲು. ಪೆಗ್‌ನಿಂದ ಜಾರಿದ ಕಾಲು ಹಿಂದಿನ ಚಕ್ರದ ಕೆಳಗೆ ಹೋಗದಂತೆ ತಡೆಯುವುದು ಅದೇ; ಹಿಮ್ಮಡಿ ಕಾವಲಿನ ಬಲೆ ಇರುವುದನ್ನೇ ಕೊಳ್ಳಿ. ಆಮೇಲೆ ಸ್ವಿಂಗ್ ಆರ್ಮ್ ಕೆಳಗಿನ ತಟ್ಟೆ, ಸ್ಪ್ರಾಕೆಟ್ ಮತ್ತು ಡಿಸ್ಕಿಗೆ ಅದೇ ಆಸರೆ. ಎಂಜಿನ್ ಕೆಳಗಿನ ತಟ್ಟೆ ಮೂರನೆಯದು. ಅಲ್ಯುಮಿನಿಯಂ ತಟ್ಟೆ ಹಳೆಯದು ಅಗ್ಗಕ್ಕೆ ಸಿಗುತ್ತದೆ, ಬಾಗಿದರೆ ಬಡಿದು ನೇರ ಮಾಡಬಹುದು, ಆದರೆ ಬಂಡೆಗೆ ಕಚ್ಚಿಕೊಳ್ಳುತ್ತದೆ. ದಪ್ಪ ಪ್ಲಾಸ್ಟಿಕ್ ತಟ್ಟೆ ಬಂಡೆಯ ಮೇಲೆ ಜಾರುತ್ತದೆ, ಸದ್ದೂ ಕಡಿಮೆ. ಕಲ್ಲೇ ಹೆಚ್ಚಿದ್ದರೆ ಪ್ಲಾಸ್ಟಿಕ್ಕಿಗೆ ಹೆಚ್ಚು ಕೊಡುವುದು ಸರಿ. ಎರಡರಲ್ಲೂ ಒಳಗೆ ಕೆಸರು ತುಂಬಿ ಎಂಜಿನ್ನಿನ ಶಾಖ ಹಿಡಿದಿಡುತ್ತದೆ, ಪ್ರತಿ ಸವಾರಿಯ ನಂತರ ನೀರು ಹಾಯಿಸಿ.

ಎಲ್ಲ ಜೋಡಿಸಿದ ಮೇಲೆ ಮೊದಲ ಸವಾರಿ ಚಿಕ್ಕದಿರಲಿ. ಹಿಂದಿರುಗಿದ ತಕ್ಷಣ ಚಕ್ರದ ನಟ್, ಎ-ಆರ್ಮ್ ಬೋಲ್ಟ್, ನರ್ಫ್ ಬಾರ್ ಕ್ಲಾಂಪ್ ಮತ್ತೆ ಬಿಗಿ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ ಹಿಂದಿನ ಆಕ್ಸಲ್ ಮೇಲಿನ ಜೋಡಿ ದೊಡ್ಡ ನಟ್‌ಗಳು. ಇವು ಸಡಿಲವಾಗುವುದು 400 ಇಎಕ್ಸ್‌ನಲ್ಲಿ ಹೊಸ ವಿಷಯವಲ್ಲ. ಥ್ರೆಡ್ ಲಾಕ್ ಹಚ್ಚಿ, ಮ್ಯಾನುಯಲ್ ಹೇಳಿದ ಟಾರ್ಕ್‌ಗೆ ಬಿಗಿದು, ಎರಡೂ ನಟ್‌ಗಳನ್ನು ಹಾಯ್ದು ಬಣ್ಣದ ಒಂದು ಗೆರೆ ಎಳೆಯಿರಿ. ಮುಂದಿನ ಸಲ ಗೆರೆ ತುಂಡಾಗಿ ಕಂಡರೆ ಅಲ್ಲೇ ನಿಲ್ಲಿಸಿ. ಸಡಿಲ ನಟ್‌ನಲ್ಲೇ ಓಡಿಸಿದರೆ ಆಕ್ಸಲ್ಲಿನ ಹಲ್ಲುಗಳು ತಿಂದುಹೋಗಿ, ಒಂದು ನಟ್ ಬಿಗಿಯುವ ಕೆಲಸ ಹೊಸ ಆಕ್ಸಲ್ಲಿನ ಖರ್ಚಾಗುತ್ತದೆ.